ಎಲ್ಲ ರಿಪೋರ್ಟೂ ನಾರ್ಮಲ್, ಆದರೂ ಉರಿ, ನೋವು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವನು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ದಿನಾ ಹೋಗಿ ಬರೋದು ಬೈಕಲ್ಲೇ. ಎಂಟು ತಿಂಗಳ ಹಿಂದೆ ಸ್ನೇಹಿತರ ಜೊತೆ ಟೂರ್ ಹೋದಾಗ ಪರಿಚಯ ಇಲ್ಲದ ಒಬ್ಬ ಹೆಂಗಸಿನ ಜೊತೆ ಕಾಂಡೋಮ್ ಇಲ್ಲದೆ ಸೇರಿದ್ದೆ. ಹತ್ತು ದಿನಕ್ಕೆ ಉರಿಮೂತ್ರ ಶುರುವಾಯಿತು. ಮೆಡಿಕಲ್‌ನಲ್ಲಿ ಕೇಳಿ ಐದು ದಿನ ಮಾತ್ರೆ ತಗೊಂಡೆ. ಉರಿ ಕಡಿಮೆಯಾಯಿತು, ಆಮೇಲೆ ಬೇರೆ ಥರದ ನೋವು ಬಂತು. ಬೀಜದ ಹಿಂದೆ, ಕೂರುವ ಜಾಗದಲ್ಲಿ ಒಳಗೆ ಏನೋ ಒತ್ತಿದ ಹಾಗೆ. ಶಿಶ್ನದ ತುದಿಯಲ್ಲಿ ಚುಚ್ಚುತ್ತದೆ. ಒಂದಕ್ಕೆ ಹೋಗಿ ಬಂದ ಅರ್ಧ ಗಂಟೆಗೇ ಮತ್ತೆ ಹೋಗಬೇಕು ಅನ್ನಿಸುತ್ತದೆ, ಹೋದರೆ ಸ್ವಲ್ಪವೇ ಬರುತ್ತದೆ. ಬೈಕ್ ಓಡಿಸಿದ ದಿನ, ವೀರ್ಯ ಹೋದ ಮೇಲೆ ಜಾಸ್ತಿ. ಮೂರು ಸಲ ಯೂರಿನ್ ಕಲ್ಚರ್ ಆಯಿತು, ಏನೂ ಬೆಳೆದಿಲ್ಲ. ಎಚ್‌ಐವಿ ನೆಗೆಟಿವ್. ಸ್ಕ್ಯಾನಿಂಗ್‌ನಲ್ಲಿ ‘ಪ್ರಾಸ್ಟೇಟ್ 24 ಸಿಸಿ, ಸ್ವಲ್ಪ ದಪ್ಪ’ ಅಂತ ಬರೆದಿದ್ದಾರೆ. ನಾಲ್ಕು ಕೋರ್ಸ್ ಆ್ಯಂಟಿಬಯೋಟಿಕ್ ಮುಗಿಸಿದ್ದೇನೆ. ಲಾಡ್ಜ್‌ಗೆ ಬರುವ ಒಬ್ಬರು ಧಾತು ಹೋಗ್ತಿದೆ ಅಂತ ಪುಡಿ ಕೊಟ್ಟಿದ್ದಾರೆ. ಅಮ್ಮ ಉಷ್ಣ ಅಂತಾರೆ, ಅಣ್ಣ ಬೋರ್‌ವೆಲ್ ನೀರು ಅಂತಾನೆ. ಚಿಕ್ಕಂದಿನಿಂದ ಇರುವ ಹಸ್ತಮೈಥುನದ ಅಭ್ಯಾಸದಿಂದ ಹೀಗಾಯಿತಾ? ಕ್ಯಾನ್ಸರ್ ಏನಾದ್ರೂನಾ? ನಿಶ್ಚಿತಾರ್ಥ ಆಗಿದೆ. ಮದುವೆ ಆಗಬಹುದಾ? ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಐದಾರು. ಆದರೆ ಎಲ್ಲದರ ಬುಡದಲ್ಲಿ ಇರುವುದು ಒಂದೇ ಭಯ. ಆ ಒಂದು ರಾತ್ರಿ ಮೈಯೊಳಗೆ ಏನೋ ಹೊಕ್ಕಿದೆ, ಅದು ಯಾವ ಪರೀಕ್ಷೆಗೂ ಸಿಗದೆ ಅಡಗಿ ಕೂತಿದೆ ಅನ್ನುವ ಭಯ. ಅದಕ್ಕೇ ಕಲ್ಚರ್ ಮೇಲೆ ಕಲ್ಚರ್, ಕೋರ್ಸ್ ಮೇಲೆ ಕೋರ್ಸ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವ ಲಕ್ಷಣ ನೋಡಿದರೆ ಈಗಿನ ನೋವಿಗೆ ಕಾರಣ ಅಡಗಿರುವ ಕ್ರಿಮಿ ಅಲ್ಲ. ಮೂತ್ರಕೋಶ ಮತ್ತು ಅದರ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯ ಕೆಳಗೆ ಹಾಸಿರುವ ಸ್ನಾಯುಗಳು ಬಿಗಿದುಕೊಂಡಿವೆ, ಅಲ್ಲಿನ ನರಗಳು ಸಣ್ಣದಕ್ಕೂ ರೇಗುತ್ತಿವೆ. ಇದಕ್ಕೆ ಬಹುಕಾಲದ ಪೆಲ್ವಿಕ್ ನೋವು, ಅಂದರೆ ಕಿಬ್ಬೊಟ್ಟೆಯ ತಳಭಾಗದ ನೋವು ಅನ್ನುತ್ತೇವೆ. ಹಳೆಯ ಚೀಟಿಗಳಲ್ಲಿ ‘ಪ್ರಾಸ್ಟಟೈಟಿಸ್’, ಅಂದರೆ ಪ್ರಾಸ್ಟೇಟ್ ಉರಿಯೂತ ಅಂತ ಬರೆದಿರುತ್ತಾರೆ. ಆದರೆ ಇದನ್ನು ಗಟ್ಟಿಯಾಗಿ ಹೇಳುವ ಮುಂಚೆ ಆಗಬೇಕಾದ ಎರಡು ಮೂರು ಪರೀಕ್ಷೆ ನಿಮಗೆ ಇನ್ನೂ ಆಗಿಲ್ಲ. ಆಗಿರುವ ಪರೀಕ್ಷೆಗಳಲ್ಲಿ ಕೆಲವು ಬೇಡವಾಗಿದ್ದವು.

ಮೊದಲು ಆ 24 ಸಿಸಿ ವಿಷಯ ಮುಗಿಸೋಣ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದರಲ್ಲಿ ಅದರ ಪಾಲು ದೊಡ್ಡದು ಅನ್ನಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಪ್ರಾಸ್ಟೇಟ್ ಸುಮಾರು 20 ಸಿಸಿ ಇರುತ್ತದೆ. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡುವಾಗ ಮೂತ್ರಕೋಶ ಎಷ್ಟು ತುಂಬಿದೆ, ಪ್ರೋಬ್ ಯಾವ ಕೋನದಲ್ಲಿದೆ, ಅಳೆದವರು ಯಾರು ಅನ್ನುವುದರ ಮೇಲೆ ನಾಲ್ಕೈದು ಸಿಸಿ ಆಚೀಚೆ ಆಗುವುದು ಮಾಮೂಲು. ಇದೇ ವಾರ ಇನ್ನೊಂದು ಕಡೆ ಮಾಡಿಸಿದರೆ 19 ಅಂತಲೂ ಬರಬಹುದು. ಇದು ಕ್ಯಾನ್ಸರ್‌ನ ಸುಳಿವಲ್ಲ. 40ರ ಒಳಗಿನವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತೀರಾ ಅಪರೂಪ. ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಲು ಹೋಗಬೇಡಿ. ಪ್ರಾಸ್ಟೇಟ್‌ನಲ್ಲಿ ಸ್ವಲ್ಪ ಉರಿಯೂತ ಇದ್ದರೂ ಅದು ಏರುತ್ತದೆ. ಆಮೇಲೆ ಆ ನಂಬರ್ ಹಿಡಿದುಕೊಂಡು ಇನ್ನೊಂದು ಸುತ್ತು ಅಲೆದಾಟ.

ಇನ್ನು ಕಲ್ಚರ್. ಮೂರು ಸಲವೂ ಏನೂ ಬೆಳೆದಿಲ್ಲ ಅಂದರೆ ಇ-ಕೋಲೈ ಥರದ ಮಾಮೂಲಿ ಮೂತ್ರದ ಸೋಂಕು ಇಲ್ಲ. ಇದನ್ನು ನಂಬಬಹುದು. ಆದರೆ ಒಂದು ಮಾತು ನಿಮಗೆ ಯಾರೂ ಹೇಳಿದಂತಿಲ್ಲ. ಲೈಂಗಿಕ ಸಂಪರ್ಕದಿಂದ ಬರುವ ಕ್ಲಮಿಡಿಯಾ ಮಾಮೂಲಿ ಯೂರಿನ್ ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ. ಗೊನೋರಿಯಾ ಸಿಗುವುದೂ ಅಪರೂಪ. ಸಂಪರ್ಕ ಆದ ಹತ್ತು ದಿನಕ್ಕೆ ಉರಿ ಬಂತು ಅಂದಿದ್ದೀರಿ. ಗೊನೋರಿಯಾ ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲಿ, ಕೀವಿನ ಜೊತೆ ಬರುತ್ತದೆ. ಕ್ಲಮಿಡಿಯಾ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ, ಸದ್ದಿಲ್ಲದೆ ಬರುತ್ತದೆ. ಅಂದರೆ ಶುರುವಿನ ಆ ಉರಿ ನಿಜವಾದ ಸೋಂಕೇ ಆಗಿದ್ದಿರಬಹುದು. ಮೆಡಿಕಲ್ ಶಾಪಿನವರು ಕೊಟ್ಟ ಐದು ದಿನದ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಅದು ನಾರ್‌ಫ್ಲಾಕ್ಸಸಿನ್ ಅಥವಾ ಸಿಪ್ರೋಫ್ಲಾಕ್ಸಸಿನ್ ಆಗಿದ್ದರೆ ಈ ಎರಡು ರೋಗಕ್ಕೆ ನೆಚ್ಚಿಕೊಳ್ಳುವಂಥ ಔಷಧ ಅಲ್ಲ.

ಆದ್ದರಿಂದ ಕ್ಲಮಿಡಿಯಾ, ಗೊನೋರಿಯಾಕ್ಕೆ ನ್ಯಾಟ್ ಅನ್ನುವ ಪರೀಕ್ಷೆ ಒಂದು ಸಲ ಮಾಡಿಸಿ. ಇದು ಪಿಸಿಆರ್ ಜಾತಿಯದು. ಇದಕ್ಕೆ ಮೂತ್ರ ಕೊಡುವ ರೀತಿ ಬೇರೆ. ಕಲ್ಚರ್‌ಗೆ ಮೊದಲ ಧಾರೆ ಬಿಟ್ಟು ನಡುವಿನದು ಹಿಡಿಯಬೇಕು. ಇದಕ್ಕೆ ಹಾಗಲ್ಲ, ಒಂದೆರಡು ಗಂಟೆ ಮೂತ್ರಕ್ಕೆ ಹೋಗದೆ ಇದ್ದು, ತೊಳೆದುಕೊಳ್ಳದೆ, ಮೊಟ್ಟಮೊದಲ ಧಾರೆಯನ್ನೇ ಡಬ್ಬಿಗೆ ಹಿಡಿಯಬೇಕು. ಲ್ಯಾಬ್‌ನವರು ಅಭ್ಯಾಸಬಲದಿಂದ ‘ನಡುವಿನದು ಕೊಡಿ’ ಅಂದರೆ ನೀವೇ ನೆನಪಿಸಿ. ಜೊತೆಗೆ ಸಿಫಿಲಿಸ್‌ಗೆ ರಕ್ತಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಒಂದೊಂದು ಸಲ. ಎಚ್‌ಐವಿ ಪರೀಕ್ಷೆ ಸಂಪರ್ಕ ಆಗಿ ಮೂರು ತಿಂಗಳು ಕಳೆದ ಮೇಲೆ ಮಾಡಿಸಿದ್ದು ನೆಗೆಟಿವ್ ಬಂದಿದ್ದರೆ ಆ ಕಥೆ ಅಲ್ಲಿಗೆ ಮುಗಿಯಿತು. ಮತ್ತೆ ಮತ್ತೆ ಮಾಡಿಸುವುದರಿಂದ ಭಯ ಇಳಿಯುವುದಿಲ್ಲ, ಏರುತ್ತದೆ.

ದುಡ್ಡಿನ ಚಿಂತೆಯೋ, ಗುರುತಿನವರು ನೋಡಿಬಿಟ್ಟಾರು ಅನ್ನುವ ಸಂಕೋಚವೋ ಇದ್ದರೆ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ ಕೇಳಿ. ಲೈಂಗಿಕ ಸೋಂಕುಗಳಿಗೆ ಅಂತಲೇ ಸರ್ಕಾರ ನಡೆಸುವುದು. ತಪಾಸಣೆ, ಆಪ್ತಸಮಾಲೋಚನೆ, ಮಾತ್ರೆ ಎಲ್ಲ ಉಚಿತ. ನ್ಯಾಟ್ ಅಲ್ಲಿ ಆಗದಿದ್ದರೂ ಲಕ್ಷಣ ನೋಡಿ ಸರಿಯಾದ ಮಾತ್ರೆ, ಸರಿಯಾದ ಅಳತೆಯಲ್ಲಿ ಕೊಡುತ್ತಾರೆ. ‘ಯಾಕೆ ಹೋದೆ’ ಅಂತ ಅಲ್ಲಿ ಯಾರೂ ಪಂಚಾಯ್ತಿ ಮಾಡುವುದಿಲ್ಲ.

ನಮ್ಮ ಕಡೆ ಮರೆಯಬಾರದ ಇನ್ನೊಂದು ಕಾರಣ ಕಲ್ಲು. ಕೋಲಾರ, ಚಿಕ್ಕಬಳ್ಳಾಪುರದ ಬಿಸಿಲು ಗೊತ್ತೇ ಇದೆ. ಬೆಳಗಿನ ಜಾವದಿಂದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವವರು, ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಒಲೆಯ ಮುಂದೆ ಕೂರುವವರು, ಮಾಲೂರಿನ ಇಟ್ಟಿಗೆ ಗೂಡಿನವರು, ನಿಮ್ಮಂಥ ಶಿಫ್ಟ್ ಕೆಲಸದವರು, ಎಲ್ಲರೂ ಕುಡಿಯುವ ನೀರಿಗಿಂತ ಹರಿಸುವ ಬೆವರು ಜಾಸ್ತಿ. ಕಿಡ್ನಿಯಲ್ಲಿ ಹುಟ್ಟಿದ ಸಣ್ಣ ಕಲ್ಲು ಕೆಳಗಿಳಿದು ಮೂತ್ರಕೋಶದ ಬಾಗಿಲಲ್ಲಿ ಸಿಕ್ಕಿಕೊಂಡರೆ ಬೆನ್ನು ನೋವೇ ಇರದೆ ಹೋಗಬಹುದು. ಬರೀ ಬೀಜದ ಕಡೆ ಸೆಳೆತ, ಶಿಶ್ನದ ತುದಿಯಲ್ಲಿ ಚುಚ್ಚು, ಪದೇ ಪದೇ ಮೂತ್ರಕ್ಕೆ ಅವಸರ. ನಿಮ್ಮ ಲಕ್ಷಣಗಳಲ್ಲಿ ಅರ್ಧ ಇದಕ್ಕೂ ಹೊಂದುತ್ತದೆ ನೋಡಿ. ಮಾಮೂಲಿ ಅಲ್ಟ್ರಾಸೌಂಡ್‌ನಲ್ಲಿ ಆ ಜಾಗದ ಕಲ್ಲು ತಪ್ಪಿಹೋಗುವುದುಂಟು, ಅದರಲ್ಲೂ ಮೂತ್ರಕೋಶ ಸರಿಯಾಗಿ ತುಂಬದೆ ಸ್ಕ್ಯಾನ್ ಮಾಡಿದರೆ. ನಿಮ್ಮ ಯೂರಿನ್ ರಿಪೋರ್ಟ್‌ನಲ್ಲಿ ಕೆಂಪು ರಕ್ತಕಣ ಅಂತ ಎಲ್ಲಾದರೂ ಬರೆದಿದೆಯಾ ನೋಡಿ. ಇದ್ದರೆ ಕಾಂಟ್ರಾಸ್ಟ್ ಇಲ್ಲದ, ಅಂದರೆ ರಕ್ತನಾಳಕ್ಕೆ ಔಷಧ ಚುಚ್ಚದೆ ಮಾಡುವ ಸಿಟಿ ಸ್ಕ್ಯಾನ್ ಒಂದು ಮಾಡಿಸುವುದು ಸರಿ. ಇಲ್ಲದಿದ್ದರೆ ಸುಮ್ನೆ ಅಷ್ಟು ವಿಕಿರಣ ಮೈಗೆ ಬೇಡ.

ಬೋರ್‌ವೆಲ್ ನೀರಿನ ಬಗ್ಗೆ ನಿಮ್ಮ ಅಣ್ಣ ಹೇಳಿದ್ದು ಅರ್ಧ ಸರಿ. ನಮ್ಮ ಎರಡು ಜಿಲ್ಲೆಗಳಲ್ಲಿ, ತುಮಕೂರಿನ ಪಾವಗಡದ ಕಡೆ, ಸಾವಿರ ಅಡಿ ಕೊರೆದು ಎತ್ತುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಜ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅಂತ ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಮೂಳೆ ಕೀಲುಗಳ ಬಿಗಿತ ಬರುತ್ತದೆ. ನಿಮಗಿರುವಂಥ ನೋವು ಫ್ಲೋರೈಡ್‌ನಿಂದ ಬರುವುದಿಲ್ಲ. ಗಡಸು ನೀರಿಂದ ಕಲ್ಲು ಆಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ, ಆದರೆ ನೀರಿನ ಗಡಸುತನಕ್ಕಿಂತ ನೀರು ಕಡಿಮೆ ಕುಡಿಯುವುದೇ ದೊಡ್ಡ ಕಾರಣ. ಶುದ್ಧ ನೀರಿನ ಘಟಕದ ಕ್ಯಾನ್ ತಂದಿಟ್ಟುಕೊಂಡು ದಿನಕ್ಕೆ ಮೂರು ಲೋಟ ಕುಡಿದರೆ ಕ್ಯಾನ್ ತಂದು ಏನು ಉಪಯೋಗ?

ಇನ್ನೆರಡು ಕಾರಣ ಬೇಗ ಹೇಳಿ ಮುಂದೆ ಹೋಗುತ್ತೇನೆ. ಧಾರೆ ತೆಳ್ಳಗಾಗಿದ್ದರೆ, ಎರಡಾಗಿ ಸೀಳಿ ಬರುತ್ತಿದ್ದರೆ, ಮುಕ್ಕಿ ಹೊರಡಿಸಬೇಕಾಗಿದ್ದರೆ ಮೂತ್ರನಾಳ ಕಿರಿದಾಗಿರಬಹುದು. ಹಳೆಯ ಸೋಂಕು, ಯಾವತ್ತೋ ಬಿದ್ದ ಪೆಟ್ಟು, ಆಸ್ಪತ್ರೆಯಲ್ಲಿ ಹಾಕಿದ ನಳಿಕೆ ಇದಕ್ಕೆ ಕಾರಣ. ಯೂರೋಫ್ಲೋ ಅಂತ ಒಂದು ಯಂತ್ರಕ್ಕೆ ಮೂತ್ರ ಮಾಡಿದರೆ ವೇಗ ಗೊತ್ತಾಗುತ್ತದೆ. ನಿಮ್ಮ ವಯಸ್ಸಿಗೆ ಸೆಕೆಂಡಿಗೆ 15 ಮಿಲಿ ಲೀಟರ್‌ಗಿಂತ ಜಾಸ್ತಿ ಬರಬೇಕು. ನೋವಿಲ್ಲ, ಸೂಜಿ ಇಲ್ಲ, ಖರ್ಚೂ ಕಡಿಮೆ. ಎರಡನೆಯದು ಕ್ಷಯ. ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಆದರೆ ಪ್ರತಿ ಸಲ ಕೀವುಕಣ ಜಾಸ್ತಿ ಇರುತ್ತದೆ, ತೂಕ ಇಳಿಯುತ್ತದೆ, ಸಂಜೆ ಮೈ ಬಿಸಿಯಾಗುತ್ತದೆ ಅಂದರೆ ಮೂತ್ರಾಂಗದ ಟಿಬಿ ನೆನಪಿಗೆ ಬರಲೇಬೇಕು. ನಮ್ಮ ದೇಶದಲ್ಲಿ ಇದನ್ನು ಮರೆತ ಡಾಕ್ಟರ್ ಕೈಯಲ್ಲಿ ರೋಗಿ ವರ್ಷಗಟ್ಟಲೆ ಅಲೆಯುತ್ತಾನೆ.

ಇದೆಲ್ಲ ಇಲ್ಲ ಅಂತಾದರೆ ಉಳಿಯುವುದು ಸ್ನಾಯು. ನಿಮ್ಮ ವಯಸ್ಸಿನ ಗಂಡಸರಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಎಳೆಯುವ ಇಂಥ ನೋವಿನಲ್ಲಿ ಬಹುಪಾಲು ಇದೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪರಿಣತರು 1999ರಲ್ಲಿ ಪ್ರಾಸ್ಟಟೈಟಿಸ್ ಅನ್ನುವ ಹೆಸರಿನಡಿ ಬರುವ ತೊಂದರೆಗಳನ್ನು ನಾಲ್ಕು ಗುಂಪು ಮಾಡಿ ಪ್ರಕಟಿಸಿದರು. ಚಳಿಜ್ವರದ ಜೊತೆ ದಿಢೀರಂತ ಬರುವುದು ಒಂದು. ಅದೇ ಕ್ರಿಮಿ ಕಲ್ಚರ್‌ನಲ್ಲಿ ಮತ್ತೆ ಮತ್ತೆ ಸಿಗುವುದು ಇನ್ನೊಂದು. ಈ ಎರಡಕ್ಕೂ ಆ್ಯಂಟಿಬಯೋಟಿಕ್ ಬೇಕೇ ಬೇಕು. ಮೂರನೆಯದು ಕ್ರಿಮಿ ಸಿಗದೆ ನೋವು ಮಾತ್ರ ಇರುವ ಗುಂಪು. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ ಬರುವುದು ಈ ಮೂರನೆಯದಕ್ಕೆ. ನಾಲ್ಕನೆಯದರಲ್ಲಿ ನೋವೇ ಇರುವುದಿಲ್ಲ, ಬೇರೆ ಯಾವುದಕ್ಕೋ ಪರೀಕ್ಷೆ ಮಾಡುವಾಗ ಉರಿಯೂತ ಕಾಣುತ್ತದೆ ಅಷ್ಟೆ.

ಸ್ನಾಯು ಅಂದರೆ ಹೇಗೆ? ಮುಂದೆ ಜನನಾಂಗದ ಮೇಲಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಒಂದು ಸ್ನಾಯುವಿನ ಹಾಸು ಇದೆ. ಮೂತ್ರ, ಮಲ ತಡೆಯುವುದು, ಬಿಡುವುದು ಅದರ ಕೆಲಸ. ಭಯ ಆದಾಗ, ಉರಿ ಬಂದಾಗ, ತಡೆದುಕೊಂಡಾಗ ಅದು ತಾನಾಗೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಇಡೀ ದಿನ ಮುಷ್ಟಿ ಬಿಗಿದುಕೊಂಡೇ ಇದ್ದರೆ ಸಂಜೆಗೆ ಕೈ ನೋಯುವುದಿಲ್ವಾ? ಇಲ್ಲಿ ಆಗಿರುವುದು ಅದೇ. ನಿಮ್ಮ ಶುರುವಿನ ಉರಿ ನಿಜ. ಆಗ ಸ್ನಾಯು ಬಿಗಿದುಕೊಂಡಿತು. ಉರಿ ಹೋಯಿತು, ಭಯ ಹೋಗಲಿಲ್ಲ. ದಿನಕ್ಕೆ ಹತ್ತಾರು ಸಲ ಮುಟ್ಟಿ ನೋಡುವುದು, ಹಿಂಡಿ ಏನಾದರೂ ಬರುತ್ತದಾ ಅಂತ ಪರೀಕ್ಷಿಸುವುದು, ಬೈಕಿನ ಸೀಟಿನ ಒತ್ತಡ, ಫ್ಯಾಕ್ಟರಿಯಲ್ಲಿ ಬಿಡುವು ಸಿಗುವ ತನಕ ಮೂತ್ರ ಕಟ್ಟಿಕೊಳ್ಳುವುದು, ಎಲ್ಲ ಸೇರಿ ಆ ಬಿಗಿತಕ್ಕೆ ಬಿಡುವೇ ಸಿಗಲಿಲ್ಲ. ಹಿಂಡಿ ನೋಡುವ ಅಭ್ಯಾಸ ನಿಮಗಿದ್ದರೆ ಇವತ್ತೇ ಬಿಡಿ. ಹಿಂಡಿ ಹಿಂಡಿಯೇ ತುದಿ ಕೆಂಪಾಗಿ ಉರಿಯುತ್ತದೆ, ಆಮೇಲೆ ಅದನ್ನೇ ಸೋಂಕು ಅಂದುಕೊಳ್ಳುತ್ತಾರೆ.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ, ಕೈಗವಸು ಹಾಕಿದ ಒಂದು ಬೆರಳು ಸಾಕು. ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಗುದದ ಒಳಗೆ ಪರೀಕ್ಷೆ ಮಾಡುವಾಗ ಮೊದಲು ಮುಂಭಾಗದಲ್ಲಿರುವ ಪ್ರಾಸ್ಟೇಟ್ ಒತ್ತುತ್ತೇವೆ. ಬಹಳಷ್ಟು ಜನ ‘ಸ್ವಲ್ಪ ಮುಜುಗರ ಆಗ್ತದೆ, ನೋವೇನಿಲ್ಲ’ ಅನ್ನುತ್ತಾರೆ. ಆಮೇಲೆ ಬೆರಳನ್ನು ಬಲಕ್ಕೆ ಎಡಕ್ಕೆ ತಿರುಗಿಸಿ ಪಕ್ಕದ ಸ್ನಾಯು ಒತ್ತಿದ ತಕ್ಷಣ ‘ಸಾರ್, ಅಲ್ಲೇ, ಅದೇ ನೋವು’ ಅಂತ ಬೆಚ್ಚುತ್ತಾರೆ. ಒತ್ತಿದ್ದು ಪಕ್ಕದಲ್ಲಿ, ಚುಚ್ಚಿದ್ದು ಶಿಶ್ನದ ತುದಿಯಲ್ಲಿ. ತಿಂಗಳುಗಟ್ಟಲೆ ಹುಡುಕಿದ ಜಾಗ ಇದು ಅಂತ ಅವರಿಗೇ ಗೊತ್ತಾಗುವ ಗಳಿಗೆ ಅದು. ನಾಲ್ಕು ಕೋರ್ಸ್ ಬರೆದವರಲ್ಲಿ ಒಬ್ಬರಾದರೂ ಈ ಪರೀಕ್ಷೆ ಮಾಡಿದ್ದಾರಾ? ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ನಾಚಿಕೆ ಬೇಡ, ನೀವೇ ಕೇಳಿ ಮಾಡಿಸಿಕೊಳ್ಳಿ. ಒಂದು ಎಚ್ಚರ ಮಾತ್ರ: ಚಳಿಜ್ವರ ಇರುವಾಗ ಪ್ರಾಸ್ಟೇಟ್ ಗಟ್ಟಿಯಾಗಿ ಒತ್ತಿಸಿಕೊಳ್ಳಬಾರದು, ಸೋಂಕು ರಕ್ತಕ್ಕೆ ಸೇರಬಹುದು.

ಈಗ ಧಾತು, ಹಸ್ತಮೈಥುನ, ಉಷ್ಣ. ಹಸ್ತಮೈಥುನದಿಂದ ಈ ನೋವು ಬರುವುದಿಲ್ಲ. ಪ್ರಾಸ್ಟೇಟ್ ಸವೆಯುವುದಿಲ್ಲ, ನರ ಬತ್ತುವುದಿಲ್ಲ, ವೀರ್ಯ ಖಾಲಿಯಾಗುವುದಿಲ್ಲ. ವೀರ್ಯ ಹೋಗುವಾಗ ಇದೇ ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಮೊದಲೇ ಬಿಗಿದಿರುವ ಸ್ನಾಯು ಆಮೇಲೆ ನೋಯುತ್ತದೆ. ನೋವು ಆಮೇಲೆ ಬಂತು ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಮಲಕ್ಕೆ ಮುಕ್ಕಿದಾಗ ಬಿಳಿ ಹನಿ ಬರುವುದು ಪ್ರಾಸ್ಟೇಟ್‌ನ ಸಹಜ ಸ್ರಾವ. ಮೂತ್ರ ಕೆಲವೊಮ್ಮೆ ಸುಣ್ಣದ ನೀರಿನಂತೆ ಬೆಳ್ಳಗೆ ಕಾಣುವುದು ಫಾಸ್ಫೇಟ್ ಲವಣದಿಂದ, ಒಂದು ಲೋಟ ಮೂತ್ರಕ್ಕೆ ನಾಲ್ಕು ಹನಿ ವಿನೆಗರ್ ಹಾಕಿದರೆ ತಿಳಿಯಾಗುತ್ತದೆ. ‘ಧಾತು ಹೋಗುತ್ತಿದೆ’ ಅನ್ನುವ ಭಯವೇ ಒಂದು ಕಾಯಿಲೆ ಅಂತ ಮನೋವೈದ್ಯರು 1960ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದಾರೆ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಅಂಟಿಸುವ ಗುಪ್ತರೋಗದ ಪೋಸ್ಟರ್‌ಗಳ ವ್ಯಾಪಾರ ನಡೆಯುವುದೇ ಈ ಭಯದ ಮೇಲೆ.

ಆ ಪುಡಿ ನಿಲ್ಲಿಸಿ. ಇಂಥ ಪುಡಿಗಳಲ್ಲಿ ಸೀಸ, ಪಾದರಸ ಸಿಕ್ಕ ಉದಾಹರಣೆಗಳಿವೆ. ಸ್ಟೀರಾಯ್ಡ್ ಅಥವಾ ನಿಮಿರುವಿಕೆಯ ಮಾತ್ರೆ ಅರೆದು ಬೆರೆಸುವುದೂ ಇದೆ. ಮೊದಲ ವಾರ ಹಾಯೆನಿಸಿದರೆ ಅನುಮಾನ ಪಡಬೇಕು. ತಿಂಗಳುಗಟ್ಟಲೆ ತಿಂದಿದ್ದರೆ ಮಾತ್ರ ನಿಮ್ಮಷ್ಟಕ್ಕೆ ದಿಢೀರ್ ಬಿಡದೆ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಸ್ಟೀರಾಯ್ಡ್ ಇದ್ದರೆ ಒಮ್ಮೆಲೇ ಬಿಟ್ಟಾಗ ಬಿಪಿ ಕುಸಿಯಬಹುದು.

ಅಮ್ಮ ಹೇಳುವ ಉಷ್ಣವನ್ನು ನಾನು ತಳ್ಳಿಹಾಕುವುದಿಲ್ಲ. ನೀರು ಕಮ್ಮಿಯಾಗಿ ಮೂತ್ರ ದಟ್ಟವಾದರೆ ಉರಿಯುತ್ತದೆ, ಅದನ್ನೇ ನಮ್ಮ ಹಿರಿಯರು ಉಷ್ಣ ಅಂದರು. ಬಾರ್ಲಿ ಗಂಜಿ, ಎಳನೀರು, ಮಜ್ಜಿಗೆ, ಜೀರಿಗೆ ನೀರು ಕುಡಿಯಿರಿ, ತೊಂದರೆ ಇಲ್ಲ. ಹೊಕ್ಕುಳಿಗೆ ಹರಳೆಣ್ಣೆಯೂ ಹಚ್ಚಿಕೊಳ್ಳಿ, ಅಮ್ಮನಿಗೆ ಸಮಾಧಾನ. ಅದರ ಮೇಲೆ ನಿಂತು ಪರೀಕ್ಷೆ ಮುಂದೂಡಬೇಡಿ, ಅಷ್ಟೆ.

ಚಿಕಿತ್ಸೆಗೆ ಬರೋಣ. ಮೊದಲ ಕೆಲಸ ಐದನೇ ಕೋರ್ಸ್ ಶುರು ಮಾಡದೇ ಇರುವುದು. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇಂಥ ಹಳೆಯ ನೋವಿದ್ದವರಿಗೆ ಆರು ವಾರ ಸಿಪ್ರೋಫ್ಲಾಕ್ಸಸಿನ್ ಆ್ಯಂಟಿಬಯೋಟಿಕ್, ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್, ಎರಡೂ, ಅಥವಾ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದರು. ಖಾಲಿ ಮಾತ್ರೆಗಿಂತ ಔಷಧದ ಮಾತ್ರೆಗಳಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಾಗಾದರೆ ಮಾತ್ರೆ ನುಂಗಿದ ಮೊದಲ ವಾರ ನೋವು ಇಳಿದ ಹಾಗೆ ಆಗುವುದು ಯಾಕೆ? ಸಿಪ್ರೋಫ್ಲಾಕ್ಸಸಿನ್ ಗುಂಪಿನ ಔಷಧಿಗಳಿಗೆ ಉರಿಯೂತ ಸ್ವಲ್ಪ ಇಳಿಸುವ ಗುಣವೂ ಇದೆ, ಚಿಕಿತ್ಸೆ ಶುರುವಾಯಿತು ಅನ್ನುವ ಧೈರ್ಯವೂ ಕೆಲಸ ಮಾಡುತ್ತದೆ. ಆದರೆ ಫ್ಲಾಕ್ಸಸಿನ್ ಅಂತ ಕೊನೆಯಾಗುವ ಈ ಮಾತ್ರೆಗಳು ಹಿಮ್ಮಡಿಯ ಸ್ನಾಯುರಜ್ಜು ಹರಿಯುವಂತೆ ಮಾಡಬಹುದು, ಕೈಕಾಲಿನ ನರಕ್ಕೆ ಜೋಮು ತರಬಹುದು, ನಿದ್ದೆ ಕೆಡಿಸಿ ಆತಂಕ ಹೆಚ್ಚಿಸಬಹುದು. ನಿದ್ದೆ ಬರುತ್ತಿಲ್ಲ ಅಂದಿರಲ್ಲ, ಯಾವ ಮಾತ್ರೆಯ ಹೊತ್ತಿನಲ್ಲಿ ಅದು ಜಾಸ್ತಿಯಾಯಿತು ಅಂತ ಹಿಂದೆ ತಿರುಗಿ ನೋಡಿ. ನ್ಯಾಟ್‌ನಲ್ಲಿ ಏನಾದರೂ ಬಂದರೆ ಅದಕ್ಕೆ ಸರಿಯಾದ ಬೇರೆ ಮಾತ್ರೆ ಇದೆ. ಕ್ಲಮಿಡಿಯಾಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಏಳು ದಿನ. ಅಷ್ಟರಲ್ಲಿ ಮುಗಿಯುತ್ತದೆ.

ಮೂತ್ರ ಕಟ್ಟಿ ಕಟ್ಟಿ ಬರುತ್ತಿದ್ದರೆ ಟ್ಯಾಮ್ಸುಲೋಸಿನ್ ಥರದ ಮಾತ್ರೆ ಒಂದೂವರೆ ಎರಡು ತಿಂಗಳು ಕೊಟ್ಟು ನೋಡುವುದುಂಟು, ಕೆಲವರಿಗೆ ಹಿತವಾಗುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು. ವೀರ್ಯ ಹೊರಗೆ ಬರದೆ ಮೂತ್ರಕೋಶದ ಕಡೆಗೆ ಹೋಗಬಹುದು. ಇದನ್ನು ಮೊದಲೇ ಹೇಳದೆ ಕೊಟ್ಟರೆ ಹುಡುಗರು ‘ಧಾತು ಪೂರ್ತಿ ಬತ್ತಿತು’ ಅಂತ ಹೆದರಿ ಓಡಿಬರುತ್ತಾರೆ. ಮಾತ್ರೆ ಬಿಟ್ಟರೆ ಸರಿಹೋಗುತ್ತದೆ. ನೋವಿನ ಮಾತ್ರೆ ಒಂದೆರಡು ವಾರಕ್ಕೆ ಸರಿ, ಬಿಸಿಲಲ್ಲಿ ನೀರಿಲ್ಲದೆ ದುಡಿಯುತ್ತಾ ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಹೊಡೆತ. ನರ ರೇಗಿ ನಿದ್ದೆಯೂ ಹೋಗಿರುವವರಿಗೆ ಅಮಿಟ್ರಿಪ್ಟಿಲಿನ್ ಅನ್ನುವ ಹಳೆಯ ಮಾತ್ರೆಯನ್ನು ರಾತ್ರಿ ತೀರಾ ಸಣ್ಣ ಅಳತೆಯಲ್ಲಿ ಕೊಡುತ್ತೇವೆ. ಅಂಗಡಿಯವರು ‘ಇದು ಡಿಪ್ರೆಷನ್ ಮಾತ್ರೆ’ ಅಂದರೆ ಗಾಬರಿ ಬೇಡ, ಈ ಅಳತೆಯಲ್ಲಿ ಅದು ನರದ ನೋವಿಗೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರಬಹುದು. ನೀವು ಮೊದಲ ಶಿಫ್ಟ್‌ಗೆ ಬೈಕಲ್ಲಿ ಹೋಗುವವರು, ಹಾಗಾಗಿ ರಜೆಯ ಹಿಂದಿನ ರಾತ್ರಿ ಶುರು ಮಾಡಿ. ಹೊರಗಿನಿಂದ ತರಂಗ ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಅಂತ ಈಗ ದೊಡ್ಡ ಊರುಗಳಲ್ಲಿ ಜಾಹೀರಾತು ಇದೆ. ಕೆಲವರಿಗೆ ಕೆಲವು ತಿಂಗಳು ನೋವು ಇಳಿಯುತ್ತದೆ. ದುಬಾರಿ, ನಿಮ್ಮ ಹಂತದಲ್ಲಿ ನಾನು ಸೂಚಿಸುವುದಿಲ್ಲ. ಪ್ರಾಸ್ಟೇಟ್ ಆಪರೇಷನ್ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿಜವಾದ ಕೆಲಸ ಸ್ನಾಯು ಸಡಿಲಿಸುವುದು. ಇಲ್ಲಿ ಒಂದು ಎಡವಟ್ಟು ತುಂಬ ನೋಡುತ್ತೇನೆ. ಯೂಟ್ಯೂಬ್ ನೋಡಿ ಕೀಗಲ್ ವ್ಯಾಯಾಮ ಶುರು ಮಾಡುತ್ತಾರೆ. ಕೀಗಲ್ ಅಂದರೆ ಇದೇ ಸ್ನಾಯುವನ್ನು ಮೇಲಕ್ಕೆ ಬಿಗಿಯುವುದು. ಬಿಗಿದು ನೋಯುತ್ತಿರುವುದನ್ನು ಇನ್ನೂ ಬಿಗಿದರೆ ನೋವು ದುಪ್ಪಟ್ಟು. ನಿಮಗೆ ಬೇಕಾದದ್ದು ಅದರ ಉಲ್ಟಾ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೆ ಇಡಿ. ಒಂದು ಕೈ ಎದೆಯ ಮೇಲೆ, ಒಂದು ಹೊಟ್ಟೆಯ ಮೇಲೆ. ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಿರಿ. ಎದೆಯ ಕೈ ಅಲ್ಲಾಡಬಾರದು, ಹೊಟ್ಟೆಯ ಕೈ ಏಳಬೇಕು. ಹೊಟ್ಟೆ ತುಂಬುವ ಹೊತ್ತಿಗೆ ಮೂತ್ರ ಶುರುವಾಗುವಾಗ ಕೆಳಗೆ ಸಡಿಲ ಬಿಡುತ್ತೀರಲ್ಲ, ಆ ಭಾವ ತಂದುಕೊಳ್ಳಿ. ಮುಕ್ಕಬೇಡಿ, ಬಿಡಿ ಅಷ್ಟೆ. ಉಸಿರು ಹೊರಗೆ ಬಿಡುವಾಗ ಏನನ್ನೂ ಬಿಗಿಯಬೇಡಿ. ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಮೊದಲ ವಾರ ಏನೂ ಗೊತ್ತಾಗುವುದಿಲ್ಲ, ‘ಇದೇನು ಡಾಕ್ಟ್ರು ಉಸಿರಾಡಿ ಅಂತಾರೆ’ ಅನ್ನಿಸುತ್ತದೆ. ಆರರಿಂದ ಹನ್ನೆರಡು ವಾರ ಬೇಕು. ಪೆಲ್ವಿಕ್ ಫ್ಲೋರ್ ಅನ್ನುವ ಈ ಸ್ನಾಯುಹಾಸಿನ ಚಿಕಿತ್ಸೆ ಗೊತ್ತಿರುವ ಫಿಸಿಯೋಥೆರಪಿಸ್ಟ್ ನಮ್ಮ ಕಡೆ ಸಿಗುವುದು ಕಷ್ಟ, ಬೆಂಗಳೂರಿನಲ್ಲಿ ಇದ್ದಾರೆ. ಒಂದೆರಡು ಸಲ ಹೋಗಿ ಕಲಿತುಬಂದರೆ ಮನೆಯಲ್ಲೇ ಮಾಡಿಕೊಳ್ಳಬಹುದು.

ಇದರ ಜೊತೆ ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ರಾತ್ರಿ ಹದವಾದ ಬಿಸಿನೀರಿನ ಟಬ್‌ನಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಸ್ನಾಯು ಸಡಿಲವಾಗುತ್ತದೆ, ಸುಡುವ ನೀರು ಬೇಡ. ಆದಷ್ಟು ದಿನ ಬೈಕ್ ಬಿಟ್ಟು ಕಂಪನಿ ಬಸ್ ಹಿಡಿಯಿರಿ. ಆಗದಿದ್ದರೆ ಕೋಲಾರದ ಹತ್ತಿರ ಒಂದು ಸಲ ಇಳಿದು ಐದು ನಿಮಿಷ ಓಡಾಡಿ ಮುಂದೆ ಹೋಗಿ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿ. ದಿನಾ ಬೆಳಿಗ್ಗೆ ಮುಕ್ಕುವವನ ಈ ನೋವು ಯಾವ ಮಾತ್ರೆಗೂ ಬಗ್ಗುವುದಿಲ್ಲ. ಮುದ್ದೆ, ಸೊಪ್ಪಿನ ಸಾರು, ಕಾಳು ಧಾರಾಳವಾಗಿ ತಿನ್ನಿ. ಕಾಫಿ, ಟೀ, ಬಿಯರ್, ಜಾಸ್ತಿ ಖಾರ ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಊಟ ಮೊದಲಿನ ಹಾಗೇ ಇರಲಿ. ನೀರು ದಿನಕ್ಕೆ ಎರಡೂವರೆ ಮೂರು ಲೀಟರ್, ಬೇಸಿಗೆಯಲ್ಲಿ ಇನ್ನಷ್ಟು. ‘ತೊಳೆದು ಹೋಗಲಿ’ ಅಂತ ಆರೇಳು ಲೀಟರ್ ಕುಡಿದು ಆಮೇಲೆ ಪದೇ ಪದೇ ಮೂತ್ರ ಬರುತ್ತದೆ ಅಂದರೆ ಬಾರದೆ ಇರುತ್ತದಾ? ಸುಮ್ನೆ ಮುಂಜಾಗ್ರತೆಗೆ ಅಂತ ಅರ್ಧ ಗಂಟೆಗೊಮ್ಮೆ ಹೋಗುವುದನ್ನೂ ನಿಲ್ಲಿಸಿ. ಅವಸರ ಬಂದಾಗ ಹತ್ತು ನಿಧಾನದ ಉಸಿರು ತೆಗೆದುಕೊಳ್ಳಿ, ಅದು ಇಳಿಯುತ್ತದೆ. ವಾರ ವಾರಕ್ಕೆ ಹತ್ತು ಹದಿನೈದು ನಿಮಿಷ ಅಂತರ ಹೆಚ್ಚಿಸಿ. ಎರಡರಿಂದ ಮೂರು ಗಂಟೆಗೊಮ್ಮೆ ಆದರೆ ಸಾಕು.

ಆತಂಕದ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಅಳುಕು. ಯಾಕೆಂದರೆ ‘ಎಲ್ಲ ನಿನ್ನ ತಲೇಲಿದೆ’ ಅಂತ ನಿಮಗೆ ಈಗಾಗಲೇ ಯಾರೋ ಹೇಳಿರುತ್ತಾರೆ. ನೋವು ನಿಜ, ಇರುವುದು ಸ್ನಾಯುವಿನಲ್ಲೇ. ಆದರೆ ನಿದ್ದೆಗೆಟ್ಟ ರಾತ್ರಿ, ಆ ಒಂದು ದಿನದ ತಪ್ಪಿತಸ್ಥ ಭಾವ, ಮೊಬೈಲಿನಲ್ಲಿ ಒಂದು ಗಂಟೆ ರೋಗ ಹುಡುಕಾಟ, ಇವು ಸ್ನಾಯುವನ್ನು ಬಿಗಿಯುತ್ತವೆ. ಹತ್ತಿರದವರ ಹತ್ತಿರ ಹೇಳಿಕೊಳ್ಳಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ.

ಮದುವೆ ಆಗಬಹುದು. ಸ್ನಾಯುವಿನ ಈ ನೋವು ಹೆಂಡತಿಗೆ ಅಂಟುವುದಿಲ್ಲ. ಇದರಿಂದ ಮಕ್ಕಳಾಗುವುದಿಲ್ಲ ಅನ್ನುವ ಹಾಗೂ ಇಲ್ಲ. ನೋವು, ಭಯ ಇರುವಾಗ ನಿಮಿರುವಿಕೆ ಕೈಕೊಡಬಹುದು, ಅದು ನೋವಿನ ಜೊತೆಗೇ ಸರಿಯಾಗುತ್ತದೆ. ಆದರೆ ಕ್ಲಮಿಡಿಯಾ, ಗೊನೋರಿಯಾ, ಸಿಫಿಲಿಸ್ ಪರೀಕ್ಷೆ ಮದುವೆಗೆ ಮುಂಚೆ ಮುಗಿಯಲೇಬೇಕು. ಇದರಲ್ಲಿ ನನ್ನ ರಾಜಿ ಇಲ್ಲ. ಗಂಡಸಿನಲ್ಲಿ ಸದ್ದಿಲ್ಲದೆ ಇರುವ ಕ್ಲಮಿಡಿಯಾ ಹೆಂಗಸಿನಲ್ಲಿ ಗರ್ಭನಾಳ ಮುಚ್ಚಿಸಿ ಮಕ್ಕಳಾಗದಂತೆ ಮಾಡಬಲ್ಲದು. ಆ ಹುಡುಗಿಗೆ ಇದರಲ್ಲಿ ಏನೂ ಪಾಲಿಲ್ಲ ಅಲ್ವಾ? ಏನಾದರೂ ಬಂದರೆ ಚಿಕಿತ್ಸೆ ಮುಗಿಸಿ, ಡಾಕ್ಟರ್ ಸರಿ ಅಂದ ಮೇಲೆ ದಿನಾಂಕ ನೋಡಿ. ರಿಪೋರ್ಟ್ ಬರುವ ತನಕ ಯಾರ ಜೊತೆಯೂ ಕಾಂಡೋಮ್ ಇಲ್ಲದೆ ಸೇರಬೇಡಿ.

ಕೆಲವಕ್ಕೆ ಕಾಯುವ ಹಾಗಿಲ್ಲ. ಒಂದು ಬೀಜದಲ್ಲಿ ದಿಢೀರಂತ ಜೋರು ನೋವು, ವಾಂತಿ ಬಂದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಜಾಸ್ತಿ. ಬೆಳಗಾಗಲಿ ಅನ್ನಬೇಡಿ, ರಾತ್ರಿ ಎರಡಾದರೂ ಹೊರಡಿ. ಚಳಿಜ್ವರದ ಜೊತೆ ಉರಿ, ಮೂತ್ರ ಪೂರ್ತಿ ಕಟ್ಟಿಹೋಗುವುದು, ಕೂರುವ ಜಾಗ ಜೋಮು ಹಿಡಿದು ಕಾಲಿನ ಶಕ್ತಿ ಇಳಿಯುವುದು, ಇವಕ್ಕೂ ಅದೇ ದಿನ ಆಸ್ಪತ್ರೆ. ಕಣ್ಣಿಗೆ ಕಾಣುವಂತೆ ಮೂತ್ರದಲ್ಲಿ ರಕ್ತ ಬಂದರೆ, ಒಂದೇ ಸಲ ಬಂದು ನಿಂತರೂ, ತೋರಿಸಲೇಬೇಕು.

ಈಗ ಎಲ್ಲಿಗೆ ಹೋಗುವುದು? ನಿಮಗೆ ಇಎಸ್‌ಐ ಕಾರ್ಡ್ ಇದ್ದರೆ ಅಲ್ಲಿಂದ ಯೂರಾಲಜಿಸ್ಟ್‌ಗೆ ರೆಫರಲ್ ಕೇಳಿ. ಇಲ್ಲವಾದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಶುರು ಮಾಡಿ. ಅಲ್ಲಿ ಆಗದ್ದಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಹೋಗುವ ಮುಂಚೆ ಮೂರು ದಿನ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ: ಎಷ್ಟು ಗಂಟೆಗೆ ಮೂತ್ರ, ಅಳತೆಯ ಲೋಟದಲ್ಲಿ ಎಷ್ಟು ಮಿಲಿ, ಏನು ಕುಡಿದಿರಿ, ನೋವು ಹತ್ತರಲ್ಲಿ ಎಷ್ಟು. ಹಳೆಯ ರಿಪೋರ್ಟ್ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಖಾಲಿಯಾದ ಮಾತ್ರೆ ಪಟ್ಟಿಗಳನ್ನೂ ತನ್ನಿ. ಒಳಗೆ ಹೋದ ಕೂಡಲೇ ಆ ಟೂರ್ ವಿಷಯ ಮೊದಲೇ ಹೇಳಿಬಿಡಿ. ಜೊತೆಯಲ್ಲಿ ಅಣ್ಣ ಬಂದಿದ್ದರೆ ಹೊರಗೆ ಕೂರಲು ಹೇಳಿ ಅಂತ ನಮ್ಮನ್ನೇ ಕೇಳಿ, ನಾವೇ ಕಳಿಸುತ್ತೇವೆ.